ನದಿದಂಡೆಯ ಮೆಸೇಜುಗಳು

ನಮ್ಮ ಸಾಲ್ಟೋ ಊರಲ್ಲಿ ನದಿ ಏರುತ್ತಿತ್ತು, ನಾನು ತಲೆ ಕೆರೆದುಕೊಳ್ಳುತ್ತ ಕೂತಿದ್ದೆ. ದಂಡೆಯ ಮನೆಗಳಿಗೆಲ್ಲ ‘ಖಾಲಿ ಮಾಡಿ’ ಎಂದು ಪುರಸಭೆಯ ಹೆಸರಲ್ಲಿ ಮೆಸೇಜು ಕಳಿಸುವ ಪ್ರೋಗ್ರಾಮು ನಮ್ಮದು. ಅದೋ, ಒಬ್ಬರಿಗೆ ಕಳಿಸಿ, ತಲುಪಿತೆಂಬ ಉತ್ತರ ಬರುವವರೆಗೆ ಕಾದು, ಆಮೇಲೆ ಇನ್ನೊಬ್ಬರಿಗೆ ಕಳಿಸುವ ಸೋಮಾರಿ. ಒಬ್ಬರ ಫೋನು ಸತ್ತಿದ್ದರೆ ಸಾಲಿನಲ್ಲಿ ಅವರ ಹಿಂದಿನವರೆಲ್ಲ ಮುಳುಗಿದ ಹಾಗೆಯೇ. ಆ ಹಿಂದಿನವರಲ್ಲಿ ನಮ್ಮ ಸುಲ್ಮಾ ಅತ್ತೆಯೂ ಇದ್ದಳು.

ಇದನ್ನು ಇವತ್ತೇ ಬದಲಾಯಿಸಬೇಕು. ಹೇಗೆ ಅನ್ನುವುದನ್ನು ನಾನು ತೀರ್ಮಾನಿಸಬೇಕಂತೆ, ನನ್ನ ಕರ್ಮ!

“ಹತ್ತು ಥ್ರೆಡ್ ಬಿಡೇ, ಹತ್ತು ಆಳು ಇಟ್ಟ ಹಾಗೆ. ಅವರವರ ಪಾಡಿಗೆ ಕಳಿಸ್ತಾ ಹೋಗ್ತಾರೆ,” ಎಂದ ಜೊತೆಗೆ ಕೆಲಸ ಮಾಡುವ ಎಲ್ಬಿಯೊ, ನಾವು ಮೂವರೂ ಸರದಿಯಲ್ಲಿ ಹೀರುವ ಮಾಟೆ ಕಷಾಯದ ಸೋರೆಬುರುಡೆ ಆಡಿಸುತ್ತ.

“ಹತ್ತೂ ಜನ ಒಂದೇ ಪಟ್ಟಿ ಎಳೆದಾಡಿ ಹರಿದು ಹಾಕ್ತಾರೆ,” ಎಂದಳು ಗ್ರಾಸಿಯೆಲಾ. ಬಿಸಿನೀರಿನ ಫ್ಲಾಸ್ಕು ಅವಳ ಕಂಕುಳಲ್ಲಿತ್ತು. “ಆಳು ಒಬ್ಬನೇ ಸಾಕು. ಉತ್ತರಕ್ಕೆ ಕಾಯದೆ ಉಳಿದವರಿಗೆ ಕಳಿಸ್ಲಿ. ಮೊದ್ಲು ನೀನು ಅದನ್ನ ಕುಡಿದು ಕೊಡೋ, ಮೈಕ್ ಅಲ್ಲ ಅದು! ಒಬ್ಬ ಹಿಡ್ಕೊಂಡು ಕೂತ್ರೆ ಎಲ್ಲರ ಬಾಯೂ ಒಣಗುತ್ತೆ. ಪ್ರೋಗ್ರಾಮಿಗೆ ಆಗಿರೋದೂ ಇದೇ.”

“ಅದಕ್ಕೇ ಹೇಳಿದ್ದು, ಇನ್ನಷ್ಟು ಬುರುಡೆ ತರೋಣ ಅಂತ!”

“ಬೇರೆ ಬೇರೆ ಬುರುಡೇಲಿ ಕುಡಿಯೋಕೆ ನಾವೇನು ಪಾಲಾಗಿದ್ದೀವಾ?”

ಇಬ್ಬರೂ ಸರಿ ಅನಿಸಿತು. ಮರುಕ್ಷಣ ಇಬ್ಬರಿಗೂ ತಲೆ ಕೆಟ್ಟಿದೆ ಅನಿಸಿತು. ಕೊನೆಗೆ ಗ್ರಾಸಿಯೆಲಾ ಮಾತಿಗೆ ಹೂಂ ಅಂದು, ಅರ್ಧಂಬರ್ಧ ಅರ್ಥವಾದದ್ದನ್ನೇ ಬರೆದೆ. ಓಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ‘ಎಲ್ಲರಿಗೂ ಕಳಿಸಲಾಗಿದೆ’! ಎಲ್ಬಿಯೊ ಕೂಡ ಚಪ್ಪಾಳೆ ತಟ್ಟಿದ. ಖುಷಿಯಲ್ಲಿ ಅತ್ತೆಗೆ ಫೋನು ಮಾಡಿದೆ.

“ಯಾವ ಮೆಸೇಜೇ? ಏನೂ ಬಂದಿಲ್ಲ.”

“ಬರದಿದ್ರೆ ಬೇಡ ಅತ್ತೆ, ನೀನು ಹೊರಡು!”

“ಹೋದ ಸಲ ಯಾರೋ ಅಂದ್ರು ಅಂತ ಹೊರಟೆ. ನೀರು ಬರ್ಲಿಲ್ಲ, ಕಳ್ಳರು ಬಂದ್ರು. ಪುರಸಭೆಯವ್ರು ಹೇಳ್ಲಿ, ನೋಡೋಣ.”

ಬರೆದದ್ದನ್ನು ಮತ್ತೆ ತೆರೆದು ನೋಡಿದೆ. ಯಾರಿಗೂ ಕಾಯಬೇಡ ಅಂದದ್ದಕ್ಕೆ ಪ್ರೋಗ್ರಾಮು ಕಳಿಸುವ ಕೆಲಸ ಮುಗಿಯಲೆಂದೂ ಕಾದಿರಲಿಲ್ಲ. ಯಾರಿಗೂ ಹೇಳದೆ, ಎಲ್ಲರಿಗೂ ಹೇಳಾಯಿತು ಎಂದು ಎದ್ದುಹೋಗಿತ್ತು. ಹಾಗಾದರೆ ಕಾಯಬೇಕೋ ಬೇಡವೋ? ನಡುವೆ ಕಾಯಬಾರದು, ಕೊನೆಯಲ್ಲಿ ಎಲ್ಲರಿಗಾಗಿಯೂ ಕಾಯಬೇಕು. ಇಷ್ಟು ಹೊಳೆಯುವಷ್ಟರಲ್ಲಿ ಬೆವರು ಇಳಿದಿತ್ತು. ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ತಲುಪಿದವರ ಹೆಸರುಗಳು ಒಂದೊಂದಾಗಿ ಮೂಡತೊಡಗಿದವು.

ಫೋನು ಬಡಿದುಕೊಂಡಿತು. ಅತ್ತೆ.

“ಬಂತು ಕಣೇ ಮೆಸೇಜು. ನೀರೂ ಅಂಗಳಕ್ಕೆ ಬಂತು. ಆದ್ರೆ ಪಕ್ಕದ ಮನೆಯವ್ರಿಗಿನ್ನೂ ಬಂದಿಲ್ವಂತೆ. ಅವ್ರಿಗೆ ಬರೋವರೆಗೂ ಕಾಯ್ಲಾ, ಹೊರಡ್ಲಾ?”

ಬೆಳಗಿನಿಂದ ನನ್ನ ತಲೆ ತಿಂದದ್ದೂ ಅದೇ ಪ್ರಶ್ನೆ. ಈ ಸಲ ಗಂಟಲು ಹರಿಯುವಂತೆ ಕೂಗಿದೆ.

“ಕಾಯಬೇಡ ಅತ್ತೆ! ಅವ್ರ ಬಾಗಿಲು ಬಡಿ, ಎಳ್ಕೊಂಡೇ ಹೊರಡು!”