ಮಗಳಿಗೆ ಹಚ್ಚಿದ ಲೇಬಲ್ಲು

ವೆಂಕಟರಮಣಪ್ಪನ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದ ಸುದ್ದಿ ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಹರಡಲು ಅರ್ಧ ದಿನವೂ ಹಿಡಿಯಲಿಲ್ಲ. ಮಗ್ಗಗಳ ಸದ್ದಿಗೆ ಪಕ್ಕದಲ್ಲಿ ನಿಂತವನ ಮಾತೇ ಕೇಳಿಸದ ಬೀದಿ ಅದು. ಇಂಥ ಸುದ್ದಿ ಮಾತ್ರ ಹೇಗೋ ಎಲ್ಲರ ಕಿವಿಗೂ ಬೀಳುತ್ತದೆ. ಕೇಳಿದವರಿಗೆಲ್ಲ ಅವನು ಒಂದೇ ಮಾತು ಹೇಳಿದ: "ಮಗಳು ಇಂಜಿನಿಯರು."

ಸ್ನೇಹ ಇಂಜಿನಿಯರಲ್ಲ. ಊರಿನ ಕಾಲೇಜಿನಲ್ಲಿ ಬಿ.ಎ. ಓದಿದವಳು, ಅದೂ ಇತಿಹಾಸ. ಆಮೇಲೆ ಫೋನಿನಲ್ಲಿ ಪಾಠ ಕೇಳಿಕೊಂಡು, ಯಾರೋ ಬಿಸಾಕಬೇಕೆಂದಿದ್ದ ಲ್ಯಾಪ್‌ಟಾಪಿನಲ್ಲಿ ಟೆಸ್ಟಿಂಗ್ ಕಲಿತಳು. ಬೇರೆಯವರು ಮಾಡಿದ ಆ್ಯಪ್‌ಗಳಲ್ಲಿ ತಪ್ಪು ಹುಡುಕುವ ಕೆಲಸ. ಅವಳಿಗೆ ಅದು ತೀರಾ ಹೊಸದೂ ಅಲ್ಲ. ಹತ್ತು ವರ್ಷದವಳಿದ್ದಾಗಲೇ ಮಗ್ಗದಿಂದ ಇಳಿದ ಸೀರೆಯ ಮೇಲೆ ಕೈಯಾಡಿಸಿ ಎಳೆ ತಪ್ಪಿದ ಜಾಗ ತೋರಿಸುತ್ತಿದ್ದಳು. ಬೆಂಗಳೂರಿನ ಸಣ್ಣ ಕಂಪನಿಯೊಂದಕ್ಕೆ ಮೂರು ವರ್ಷ ಮನೆಯಿಂದಲೇ ದುಡಿದಳು. ಜರ್ಮನಿಯವರು ನಾಲ್ಕು ಸಲ ವಿಡಿಯೊದಲ್ಲಿ ಮಾತಾಡಿಸಿದರು. ಕೊನೆಯ ಸಲ, ತಾನು ಇಂಜಿನಿಯರಿಂಗ್ ಓದಿಲ್ಲವೆಂದು ಅವಳೇ ಅಳುಕುತ್ತ ಬಾಯಿಬಿಟ್ಟಾಗ ಅಲ್ಲಿನ ಹೆಂಗಸು ನಕ್ಕು, ನಾನೂ ಓದಿಲ್ಲ, ಮೊದಲು ಬೇಕರಿಯಲ್ಲಿದ್ದೆ ಎಂದಳಂತೆ. ಅವತ್ತು ಸ್ನೇಹ ಅಡುಗೆಮನೆಗೆ ಓಡಿಹೋಗಿ ಅಮ್ಮ ಭಾಗ್ಯಮ್ಮನನ್ನು ತಬ್ಬಿಕೊಂಡು ಅತ್ತಳು. ಬೆಂಗಳೂರಿನ ಕೆಲಸಕ್ಕೆ ಮರುದಿನವೇ ರಾಜೀನಾಮೆ ಕೊಟ್ಟಳು.

ವೆಂಕಟರಮಣಪ್ಪನಿಗೆ ಈ ಬೇಕರಿ ಕಥೆ ಸಮಾಧಾನ ತರಲಿಲ್ಲ. ಮೂವತ್ತು ವರ್ಷದಿಂದ ಅವನ ಸೀರೆಗಳು ಹೆಸರಿಲ್ಲದೆ ಬೆಂಗಳೂರಿಗೆ ಹೋಗುತ್ತಿದ್ದವು. ಅಂಗಡಿಯವರು ತಮ್ಮ ಮಿರಮಿರ ಮಿಂಚುವ ಲೇಬಲ್ ಹಚ್ಚಿದ ಮೇಲೆಯೇ ಅವಕ್ಕೆ ಗಾಜಿನ ಬೀರುವಿನಲ್ಲಿ ಜಾಗ. ಒಮ್ಮೆ ನೆಂಟರ ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸೊಬ್ಬಳು ಅವನೇ ನೇಯ್ದ ಸೀರೆ ಉಟ್ಟು ಬಂದು, ನಿಮ್ಮೂರಲ್ಲಿ ಇಂಥದ್ದು ಎಲ್ಲಿ ಸಿಗುತ್ತೆ ಎಂದು ಮೂಗು ಮುರಿದಿದ್ದಳು. ಇದು ನಂದೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಂಬುವವರು ಯಾರು? ಸುಮ್ಮನೆ ಊಟಕ್ಕೆ ಕೂತಿದ್ದ. ಆ ಊಟ ಇವತ್ತಿಗೂ ಅವನಿಗೆ ಜೀರ್ಣವಾಗಿಲ್ಲ.

ವೀಸಾ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು ಉಮಾಶಂಕರ್ ಎಂಬ ಏಜೆಂಟು. ಕಂಪನಿಗೂ ಅವನೇ ಫೈಲು ಕಳಿಸಬೇಕಿತ್ತು. ಮಗಳ ಅಂಕಪಟ್ಟಿ ಕೊಟ್ಟು ಬರಲು ಹೋದ ವೆಂಕಟರಮಣಪ್ಪ ಎದ್ದು ಬರುವಾಗ ಬಾಗಿಲಲ್ಲಿ ನಿಂತ.

"ಅದ್ರ ಜೊತೆ ಒಂದು ಬಿ.ಇ. ಸರ್ಟಿಫಿಕೇಟು ಸೇರ್ಸ್ಬಿಡಿ."

"ಬಿ.ಎ. ಸಾಕು ಅಂದಿದ್ದಾರಲ್ಲ ಯಜಮಾನ್ರೇ."

"ಬಾಯಲ್ಲಿ ಹಂಗೇ ಅಂತಾರೆ. ನಾಳೆ ಅಲ್ಲಿ ನಮ್ಮ ಹುಡುಗೀನ ಯಾರೂ ಕಡೆಗಣಿಸ್ಬಾರ್ದು. ಅವ್ಳಿಗೆ ಮಾತ್ರ ಹೇಳ್ಬೇಡಿ."

ಉಮಾಶಂಕರ್ ಯಾರಿಗೂ ಆಗುವುದಿಲ್ಲ ಎಂದು ಹೇಳಿದ ಮನುಷ್ಯನಲ್ಲ. ಹೇಳಬೇಕಾಗಿದ್ದದ್ದು ಅವತ್ತೊಂದು ದಿನ.

ಇಪ್ಪತ್ತು ದಿನಕ್ಕೆ ಕಂಪನಿಯಿಂದ ಮೇಲ್ ಬಂತು. ಸ್ನೇಹ ಹೊಸ ಸ್ವೆಟರು ಮಡಚುತ್ತಿದ್ದವಳು ಅದನ್ನು ಎರಡು ಸಲ ಓದಿದಳು. ನೀವು ಕೊಟ್ಟ ಬಿ.ಇ. ಪ್ರಮಾಣಪತ್ರ ನಕಲಿ ಎಂದು ವಿಶ್ವವಿದ್ಯಾಲಯ ತಿಳಿಸಿದೆ, ನಾವು ಆ ಪದವಿ ಕೇಳಿರಲೇ ಇಲ್ಲ, ಸುಳ್ಳು ದಾಖಲೆ ಕೊಟ್ಟವರನ್ನು ನಾವು ಈಗಲೂ ಮುಂದೆಯೂ ತೆಗೆದುಕೊಳ್ಳುವುದಿಲ್ಲ, ಎಂದಿತ್ತು. ಬೇಕರಿಯ ಹೆಂಗಸು ಬೇರೆಯಾಗಿ ಒಂದೇ ಸಾಲು ಬರೆದಿದ್ದಳು: ಅವತ್ತು ನೀವು ನಿಜ ಹೇಳಿದಿರಿ ಅಂದುಕೊಂಡಿದ್ದೆ.

ಸ್ನೇಹ ಮಗ್ಗದ ಕೋಣೆಗೆ ಬಂದು ತಾನೇ ಮೋಟಾರು ಆರಿಸಿದಳು.

"ಆ ಏಜೆಂಟು ಮಾಡಿರೋ ಕೆಲ್ಸ ಅಪ್ಪ ಇದು. ನಡಿ, ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡೋಣ. ಕೊಟ್ಟಿದ್ದು ಬರೀ ಬಿ.ಎ. ಪೇಪರು ಅಂತ ನೀನು ಹೇಳಿದ್ರೆ ಸಾಕು. ಕಂಪ್ಲೇಂಟ್ ಕಾಪಿ ಕಳ್ಸಿದ್ರೆ ಅವ್ರು ನಂಬ್ತಾರೆ."

ಅವಳ ಮುಖದಲ್ಲಿ ಇನ್ನೂ ಆಸೆಯಿತ್ತು. ವೆಂಕಟರಮಣಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡ, ಗುಂಡಿಗಳನ್ನೆಲ್ಲ ಹಾಕಿದ, ಒಂದು ಕಾಲಿಗೆ ಚಪ್ಪಲಿಯನ್ನೂ ಮೆಟ್ಟಿದ. ಏಜೆಂಟನ ಮೇಲೆ ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ಮನಸ್ಸು ಹೇಳುತ್ತಲೇ ಇತ್ತು. ಇನ್ನೊಂದು ಚಪ್ಪಲಿ ಮೆಟ್ಟಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟ.

"ನಾನೇ ಹೇಳಿದ್ದು ಕಣಮ್ಮ. ಸೇರ್ಸು ಅಂತ."

ಒಳಗೆ ಭಾಗ್ಯಮ್ಮ ಒಲೆ ಆರಿಸಿದ ಸದ್ದಾಯಿತು. ಸ್ನೇಹ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವ್ರು ಬಿ.ಎ. ಸಾಕು ಅಂದಿದ್ರು ಅಪ್ಪ," ಅಂದಳು. "ನಿಂಗೇ ನಾನು ಸಾಕಾಗ್ಲಿಲ್ಲ."

ಬೆಂಗಳೂರಿನ ಹಳೇ ಕಂಪನಿಯಲ್ಲಿ ಅವಳ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಸ್ನೇಹ ಕೋಣೆಯ ಬಾಗಿಲು ಹಾಕಿಕೊಂಡು ಇರತೊಡಗಿದಳು. ಊಟದ ತಟ್ಟೆ ಭಾಗ್ಯಮ್ಮನ ಕೈಯಿಂದಲೇ ಒಳಗೆ ಹೋಗಬೇಕು. ಅಪ್ಪ ತಂದರೆ ಹಾಗೇ ವಾಪಸು ಬರುತ್ತಿತ್ತು.

ವಾರ ಕಳೆದ ಮೇಲೆ ನೂಲು ಹಾಕಿಹೋಗಲು ನೂಲಂಗಡಿಯ ಪಿಳ್ಳಣ್ಣ ಬಂದ. ಮಗ್ಗದ ಸದ್ದಿನ ಮೇಲೆ ಗಂಟಲು ಎತ್ತರಿಸಿ ಕೇಳಿದ: "ಏನಪ್ಪಾ, ಇಂಜಿನಿಯರಮ್ಮ ಯಾವತ್ತು ಹೊರಡೋದು?"

ವೆಂಕಟರಮಣಪ್ಪ ಮಗ್ಗ ನಿಲ್ಲಿಸಿದ. ಮಗಳ ಕೋಣೆಗೂ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ.

"ಇಂಜಿನಿಯರಲ್ಲ ಪಿಳ್ಳಣ್ಣ. ಬಿ.ಎ. ಓದವ್ಳೆ. ಕೆಲ್ಸ ತಾನೇ ಕಲ್ತು, ತಾನೇ ಗಿಟ್ಟಿಸ್ಕೊಂಡಿದ್ಲು. ಹಾಳ್ಮಾಡಿದ್ದು ನಾನು."

ಪಿಳ್ಳಣ್ಣ ನೂಲಿನ ಚೀಲ ಕೆಳಗಿಟ್ಟ. ವೆಂಕಟರಮಣಪ್ಪ ಗೋಡೆಯ ಕಡೆಗೇ ಕಿವಿಕೊಟ್ಟು ನಿಂತಿದ್ದ. ಆಚೆಯಿಂದ ಏನೂ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು, ಮೋಟಾರಿನ ಸ್ವಿಚ್ಚು ಹಾಕಿದ.