ಎರಡೂ ಒಂದೇ ಥರ

ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಶವಸಂಸ್ಕಾರದ ಕಂಪನಿಯವನು ಟೊಕುಜಿಯ ಎದೆಯ ಮೇಲಿದ್ದ ಎಲ್‌ಪಿ ರೆಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿ, ತಲೆಬಾಗಿ, ಫುಸಾಯೆಯ ಮುಂದೆ ಹಿಡಿದ.

"ಇದನ್ನ ಒಲೆಗೆ ಹಾಕೋ ಹಾಗಿಲ್ಲಮ್ಮ. ಕಪ್ಪು ಹೊಗೆ ಬರುತ್ತೆ, ಮೂಳೆಗೂ ಮಸಿ ಹಿಡಿಯುತ್ತೆ. ಇದರ ಹೊದಿಕೆ ಕಾಗದದ್ದಲ್ವಾ, ಅದನ್ನ ಇಡಬಹುದು."

ಖಾಲಿ ಹೊದಿಕೆ ಗಂಡನ ಜೊತೆ ಹೋಯಿತು. ರೆಕಾರ್ಡು ಸೇವಂತಿಗೆ ಹೂ ಕಟ್ಟಿದ್ದ ಕಾಗದದಲ್ಲಿ ಸುತ್ತಿಕೊಂಡು ಅವಳ ಮಡಿಲಿಗೆ ಬಂತು.

ಮೂಳೆ ಸಿದ್ಧವಾಗುವವರೆಗೆ ಚಿತಾಗಾರದ ಮೇಲಿನ ಕೋಣೆಯಲ್ಲಿ ಕಾಯಬೇಕು. ಚಹಾ, ತಣ್ಣನೆಯ ಬುತ್ತಿ. ಒಸಾಕಾದ ನಿಪ್ಪೊಂಬಾಶಿಯಲ್ಲಿ ಆಡಿಯೋ ಅಂಗಡಿ ಇಟ್ಟಿರುವ ಕುವಬಾರ ಕಪ್ಪು ಟೈ ಸಡಿಲಿಸಿಕೊಂಡು ಎದುರಿಗೆ ಕೂತಿದ್ದ.

"ನನ್ನ ಗಂಡನ್ನ ಒಪ್ಪೋಕೆ ಅಪ್ಪನಿಗೆ ಒಂದು ಸಂಜೆ ಸಾಕಾಯ್ತು," ಎಂದಳು ಮಗಳು ಮಿಚಿರು. "ಆ ಆಂಪ್ಲಿಫೈಯರ್ ಡಬ್ಬಿ ಆರಿಸೋಕೆ ಎರಡು ವರ್ಷ."

"ನಮ್ಮಂಗಡಿ ಸ್ಟೂಲು ಸವೆದಿದ್ದೇ ಅವರಿಂದ," ಎಂದು ಕುವಬಾರ ನಕ್ಕ. ಮನೆಯಲ್ಲೇ ಕೇಳಿ ನೋಡಲೆಂದು ತಾನು ಕೊಟ್ಟಿದ್ದ ಎರಡು ಆಂಪ್ಲಿಫೈಯರ್‌ಗಳಲ್ಲಿ ಬೇಡವಾದದ್ದನ್ನು ನಿಧಾನಕ್ಕೆ ಕಳಿಸಿದರೆ ಸಾಕು ಎಂದ. "ಹೋದ ವಾರ ಬಂದಿದ್ರು. 'ಎರಡೂ ಒಂದೇ ಥರ ಅಂದ್ಲು ನನ್ನ ಹೆಂಡ್ತಿ, ಅವಳು ಅಂದ್ಮೇಲೆ ಮುಗೀತು' ಅಂದ್ರು. 'ಮನೇಲಿ ಈಗ ಇರೋದು ಅವಳ ಕಿವಿ ಮಾತ್ರ' ಅಂತ."

"ಅವರ ಕಿವಿಗೇನಾಗಿತ್ತು?" ಎಂದಳು ಫುಸಾಯೆ.

ಕುವಬಾರ ಊಟದ ಕಡ್ಡಿಗಳನ್ನು ಕೆಳಗಿಟ್ಟ.

"ಒಂದು ವರ್ಷದಿಂದ ಹೆಚ್ಚುಕಡಿಮೆ ಏನೂ ಕೇಳ್ತಿರಲಿಲ್ಲಮ್ಮ. ತುಟಿ ನೋಡಿ ಮಾತಾಡ್ತಿದ್ರು. ನಿಮಗೆ ಹೇಳಬೇಡ ಅಂದಿದ್ರು. ಗೊತ್ತಾದ್ರೆ ಸ್ಪೀಕರನ್ನೂ ಮಾರಿಸ್ತಾಳೆ ಅಂತ."

ಕರೆದರೆ ಓಗೊಡದಿದ್ದಾಗಲೆಲ್ಲ ಫುಸಾಯೆ ಅದನ್ನು ಹಟವೆಂದುಕೊಂಡಿದ್ದಳು.

* * *

ಹಳೆಯ ಮನೆಯಲ್ಲಿದ್ದದ್ದು ವಾಲ್ವಿನ ಆಂಪ್ಲಿಫೈಯರ್. ಇಬ್ಬರು ಹಿಡಿದರೂ ಎತ್ತಲಾಗದ ಭಾರ. ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುತ್ತಿತ್ತು. ಎರಡು ಕೋಣೆಯ ಈ ಫ್ಲಾಟಿಗೆ ಬರುವಾಗ ಅದೊಂದು ಬರಕೂಡದೆಂದು ಅವಳು ಹೇಳಿದ್ದಳು. ಅವನು ಮಾರಿದ. ಆಮೇಲೆ ಶುರುವಾಯಿತು ಹುಡುಕಾಟ: ಬುತ್ತಿಡಬ್ಬಿಯಷ್ಟೇ ಇರುವ, ದಿನವಿಡೀ ಹಾಡಿದರೂ ಕಾಯದ ಕ್ಲಾಸ್-ಡಿ ಆಂಪ್ಲಿಫೈಯರು. "ಬಿಸಿಯೇ ಆಗದ್ದು ಹಾಡುತ್ತೆ ಅಂತ ನಂಬೋದು ಹೇಗೆ?" ಎನ್ನುತ್ತಿದ್ದ.

ಅವಳನ್ನು ಕೇಳಿದ ಆ ಸಂಜೆ ಎರಡನ್ನೂ ಶೆಲ್ಫಿನ ಮೇಲೆ ಜೋಡಿಸಿದ್ದ. ಎರಡರಿಂದಲೂ ತಂತಿ ಎಳೆದು ನಡುವೆ ಒಂದು ಸ್ವಿಚ್ಚಿಗೆ ಸೇರಿಸಿದ್ದೇನೆ ಎಂದಿದ್ದ. ಇತ್ತ ತಿರುಗಿಸಿದರೆ ಇದು, ಅತ್ತ ತಿರುಗಿಸಿದರೆ ಅದು. ರೆಕಾರ್ಡು ತಿರುಗುತ್ತಿತ್ತು. ಅಡುಗೆಕಟ್ಟೆಯಲ್ಲಿ ಎಕ್ಸಾಸ್ಟ್ ಫ್ಯಾನು, ನಲ್ಲಿಯ ನೀರು, ಅವಳ ಕೈಯಲ್ಲಿ ಮೂಲಂಗಿ. ಅವನು ಸ್ವಿಚ್ಚು ತಿರುಗಿಸಿ ಬಂದು ಅವಳೆದುರು ನಿಂತ, ಹೋಗಿ ಮತ್ತೆ ತಿರುಗಿಸಿದ, ಮತ್ತೆ ಬಂದ.

"ಯಾವುದು ಚೆನ್ನಾಗಿದೆ ಹೇಳು. ಮೊದಲನೇದಾ, ಎರಡನೇದಾ?"

ಇಕ್ಕಟ್ಟಿನ ಅಡುಗೆಮನೆಯಲ್ಲಿ ದಾರಿಗಡ್ಡ ನಿಂತು ಮುಖವನ್ನೇ ನೋಡುತ್ತಿದ್ದಾನೆಂದು ಅವಳಿಗೆ ರೇಗಿತ್ತು.

"ಎರಡೂ ಒಂದೇ ಥರ."

ಅವನು ಅವಳ ತುಟಿಯಿಂದ ಕಣ್ಣು ತೆಗೆದು, ತಲೆಯಾಡಿಸಿ, ಹೋಗಿ ಎರಡನ್ನೂ ಬಂದ್ ಮಾಡಿದ.

* * *

ತಾಯಿ ಮಗಳು ಪದ್ಧತಿಯಂತೆ ಕಡ್ಡಿಗಳಿಂದ ಒಟ್ಟಿಗೆ ಹಿಡಿದು ಮೂಳೆಗಳನ್ನು ಒಂದೊಂದಾಗಿ ಎತ್ತಿದರು, ಪಾದದಿಂದ ಮೇಲಕ್ಕೆ. ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಕರಂಡ ಟ್ಯಾಕ್ಸಿಯಲ್ಲಿ ಅವಳ ತೊಡೆಯನ್ನು ಸುಡುವಷ್ಟು ಬಿಸಿಯಾಗಿತ್ತು.

ಫ್ಲಾಟು ಸೇರಿದ ಮೇಲೆ ಮಿಚಿರು ಹೂ ತರಲು ಕೆಳಗಿಳಿದಳು. ಫುಸಾಯೆ ಎರಡೂ ಆಂಪ್ಲಿಫೈಯರ್‌ಗಳ ಗುಂಡಿ ಒತ್ತಿದಳು. ಎರಡರಲ್ಲೂ ನೀಲಿ ದೀಪ ಹತ್ತಿತು. ಅವನು ನೋಡಿದ್ದು ಆ ದೀಪಗಳನ್ನೇ. ಹೊದಿಕೆಯಿಲ್ಲದ ರೆಕಾರ್ಡು ಇಟ್ಟು ಮುಳ್ಳು ಇಳಿಸಿದಳು. ಹೆಂಗಸೊಬ್ಬಳು ಹಾಡಿದಳು, ಉಸಿರೆಳೆದುಕೊಳ್ಳುವುದೂ ಕೇಳುವಷ್ಟು ಹತ್ತಿರದಿಂದ.

ಸ್ವಿಚ್ಚನ್ನು ಎರಡನೆಯದಕ್ಕೆ ತಿರುಗಿಸಿದಳು.

ಏನೂ ಇಲ್ಲ. ರೆಕಾರ್ಡು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು. ಬಗ್ಗಿ ನೋಡಿದರೆ ಹಿಂದೆ ಅದರ ತಂತಿ, ಸ್ವಿಚ್ಚಿಗೆ ಸಿಕ್ಕಿಸಬೇಕಾದ ತುದಿ, ಶೆಲ್ಫಿನಿಂದ ಕೆಳಗೆ ಸುಮ್ಮನೆ ಜೋತುಬಿದ್ದಿತ್ತು. ಅದರ ಮೇಲೆ ತೆಳ್ಳಗೆ ಧೂಳು; ಆ ಸಂಜೆಯೂ ಅದು ಹೀಗೇ ಇತ್ತು.

ಮತ್ತೆ ಮೊದಲನೆಯದಕ್ಕೆ: ಹಾಡು. ಎರಡನೆಯದಕ್ಕೆ: ಏನೂ ಇಲ್ಲ.

ಅವಳು ತಂತಿಯನ್ನು ಮುಟ್ಟಲಿಲ್ಲ. ಸ್ವಿಚ್ಚನ್ನು ಎರಡನೆಯದರಲ್ಲೇ ಬಿಟ್ಟು, ಅವನ ಕುರ್ಚಿಯಲ್ಲಿ ಕೂತು, ಇನ್ನೂ ಬೆಚ್ಚಗಿದ್ದ ಕರಂಡವನ್ನು ಮಡಿಲಲ್ಲಿಟ್ಟುಕೊಂಡು, ರೆಕಾರ್ಡು ಮುಗಿಯುವವರೆಗೂ ಕೇಳಿದಳು.