ಎಡ ಭುಜದ ಸಡಿಲ

ಡಾಕ್ಟರಮ್ಮ ನನ್ನ ಭುಜದ ಹಿಂದಿನ ಗಂಟನ್ನು ಒತ್ತಿ ನೋಡುತ್ತಿದ್ದರೆ, ನಾನು ಎದುರಿನ ಕನ್ನಡಿಯಲ್ಲಿ ಅವರ ಕೋಟನ್ನು ನೋಡುತ್ತಿದ್ದೆ. ಹೊಲಿಗೆಯವರ ಕಣ್ಣೇ ಅಷ್ಟು, ಸಾಯುವಾಗಲೂ ಹೊದಿಕೆಯ ಅಂಚು ಸರಿಯಾಗಿ ಮಡಚಿದ್ದಾರೋ ಇಲ್ಲವೋ ಅಂತ ನೋಡುತ್ತದೆ. ಕೋಟು ನಮ್ಮ ಕಾರ್ಖಾನೆಯದೇ, ಜೇಬು ಹೊಲಿದವಳು ನಾನೇ. ಆದರೆ ಅವರು ಪಕ್ಕಕ್ಕೆ ತಿರುಗಿದಾಗ ನೋಡಿದರೆ, ಎಡ ಭುಜದ ಹಿಂದೆ ಬಟ್ಟೆ ಜೋತು ಬಿದ್ದಿತ್ತು.

"ಬರೀ ಕೊಬ್ಬಿನ ಗಂಟು. ಸ್ಕ್ಯಾನಲ್ಲೂ ಹಾಗೇ ಬಂದಿದೆ. ತೊಂದರೆ ಕೊಡದಿದ್ರೆ ಹಾಗೇ ಬಿಡಬಹುದು," ಅಂದರು.

"ಈಚೆಗೆ ಕೈ ಎತ್ತಿದ್ರೆ ನೋಯುತ್ತೆ."

"ಹಾಗಾದ್ರೆ ತೆಗೆಸ್ಕೊಳ್ಳಿ. ಆ ಜಾಗ ಮಾತ್ರ ಮರಗಟ್ಟಿಸಿ, ಕುಯ್ದು, ಪೂರ್ತಿ ಹೊರಗೆ ತೆಗೀತೀವಿ. ಅವತ್ತೇ ಮನೆಗೆ ಹೋಗಬಹುದು. ಸಣ್ಣ ಕೊಳವೆಯಲ್ಲಿ ಹೀರಿ ತೆಗೆಯೋದೂ ಉಂಟು. ಕಲೆ ಕಡಿಮೆ, ಆದ್ರೆ ಚೂರು ಉಳಿದ್ರೆ ಮತ್ತೆ ಬೆಳೀಬಹುದು. ಇಂಜೆಕ್ಷನ್ ಕೊಟ್ಟು ಕರಗಿಸೋರೂ ಇದಾರೆ, ನಂಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ."

"ಕುಯ್ದೇ ಬಿಡಿ. ನಿಮ್ಮ ಕೋಟು ಎಡಗಡೆ ಸಡಿಲ ಇದೆ."

ಅವರು ನಕ್ಕರು. "ಇಲ್ಲಿ ಎಲ್ಲರದ್ದೂ ಹಾಗೇ. ನಿಮ್ಮ ಕಾರ್ಖಾನೆಯವರಿಗೆ ಎಡಗಡೆ ಮೇಲೆ ಅದೇನು ಪ್ರೀತಿಯೋ."

ಕಾರ್ಖಾನೆಗೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಹೂಂರಾಯನ ನೆನಪೇ. ನಮ್ಮಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು. ಏನು ಕೇಳಿದರೂ ಹೂಂ ಅನ್ನುವವನಾದ್ದರಿಂದ ಆ ಹೆಸರು. ನನಗೆ ಅವನ ಮೇಲೆ ಮನಸ್ಸಿತ್ತು. ಅವನಿಗಿತ್ತೋ ಇಲ್ಲವೋ, ಆ ಕಲ್ಲಿನ ಬಾಯಿಂದ ತಿಳಿಯುವುದು ಹೇಗೆ? ತನ್ನ ಅಕ್ಕನ ಕಣ್ಣು ಮಂಜಾಯಿತೆಂದು ಅವಳ ಹೊಲಿಗೆ ಅಂಗಡಿ ನೋಡಿಕೊಳ್ಳಲು ಬೇರೆ ಊರಿಗೆ ಹೊರಟ ದಿನ, "ಹೋಗ್ತಿದೀರಾ?" ಅಂತ ಕೇಳಿದೆ. ಅದಕ್ಕೂ ಹೂಂ. ಅವನು ನನ್ನನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿದ್ದನೇ ಎಂಬುದೊಂದೇ ಅಂದಿನಿಂದ ನನ್ನನ್ನು ಕೊರೆಯುತ್ತಿತ್ತು.

ನೇರ ಕತ್ತರಿಸುವ ಮೇಜಿಗೆ ಹೋದೆ. ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ಮಧ್ಯಮ ಸೈಜಿನ ಮಾದರಿ ರಟ್ಟನ್ನು, ಹೂಂರಾಯನ ಜಾಗಕ್ಕೆ ಬಂದ ಹೊಸ ಕಟ್ಟರ್ ಕೈಯಿಂದ ಕಿತ್ತುಕೊಂಡು, ಅದರ ಮೇಲೆ ನನ್ನ ಕೆಲಸದ ಕೋಟು ಬಿಚ್ಚಿ ಹರಡಿದೆ. ನಾನು ಕೆಲಸಕ್ಕೆ ಸೇರಿದಾಗ ಹೂಂರಾಯ ಕತ್ತರಿಸಿಕೊಟ್ಟ ಕೋಟು ಅದು. ಗೆರೆಗೆ ಗೆರೆ ಕೂತಿತು. ಎಡ ಭುಜದ ಹಿಂದೆ ಒಂದು ಬೆರಳು ಹೆಚ್ಚು, ಬಲಕ್ಕಿಲ್ಲ.

"ಇದು ಮಧ್ಯಮ ಸೈಜ್ ಅಲ್ವಾ? ಮಧ್ಯಮದ ಮೊಳೆಗೇ ನೇತುಹಾಕಿತ್ತು," ಅಂದ ಹೊಸ ಕಟ್ಟರ್.

"ಅಲ್ಲ. ಇದು ನಾನು," ಅಂದೆ.

ಅವನು ತಲೆ ಕೆರೆದುಕೊಂಡ. ಹೂಂರಾಯ ನನಗೆಂದು ಮಾಡಿಟ್ಟಿದ್ದ ರಟ್ಟನ್ನು ಇವನು ಎಲ್ಲರ ಮಧ್ಯಮ ಸೈಜೆಂದು ಬಳಸಿದ್ದ. ಆಸ್ಪತ್ರೆಯ ಅರ್ಧ ಡಾಕ್ಟರುಗಳು ನನ್ನ ಗಂಟಿಗೆ ಜಾಗ ಬಿಟ್ಟುಕೊಂಡು ಓಡಾಡುತ್ತಿದ್ದರು. ನಾನೋ, ಜಡೆ ಇಳಿಬಿಟ್ಟು ಅದನ್ನು ಹೆತ್ತ ತಾಯಿಗೂ ಕಾಣದಂತೆ ಮುಚ್ಚಿಟ್ಟಿದ್ದವಳು. ಕೋಟು ಹೊಂದಿಕೊಂಡಿದ್ದು ನನ್ನ ಮೈಕಟ್ಟಿನಿಂದ ಅಂತ ಬೀಗಿದ್ದೆ ಬೇರೆ.

ಗಂಟು ತೆಗೆದರು. ಗಾಯದ ಹೊಲಿಗೆ ಬಿಚ್ಚಿದ ಮೇಲೆ ಕೋಟು ಹಾಕಿಕೊಂಡರೆ ಭುಜದ ಹಿಂದೆ ಬಟ್ಟೆ ಜೋತುಬಿತ್ತು. ಅಲ್ಲಿಗೆ ಕೈ ಹಾಕಿದೆ, ಖಾಲಿ. ಇನ್ನು ತಡೆಯಲಾರದೆ ಹೂಂರಾಯನಿಗೆ ಫೋನ್ ಮಾಡಿದೆ.

"ನಾನು, ಜೇಬು ಹೊಲಿಯೋಳು."

"ಹೂಂ."

"ನನ್ನ ಕೋಟು ಎಡ ಭುಜದಲ್ಲಿ ಸಡಿಲ ಆಗಿದೆ."

ಆ ಕಡೆ ಕತ್ತರಿಯ ಸದ್ದು ನಿಂತಿತು. ಗಂಟಿನ ಮಾತನ್ನು ನಾನು ಅವನ ಹತ್ತಿರ ಯಾವತ್ತೂ ಎತ್ತಿದವಳಲ್ಲ.

"ತೆಗೆಸಿಬಿಟ್ರಾ?" ಅಂದ. "ತುಂಬಾ ನೋವಾಯ್ತಾ?"

ಭುಜದ ಹಿಂದಿನ ಸಡಿಲ ಬಟ್ಟೆಯನ್ನು ಬೆರಳಲ್ಲಿ ಮಡಚಿ ಹಿಡಿದೆ.

"ಇಲ್ಲ. ಹೊಸ ಕೋಟು ಕತ್ತರಿಸಿ ಕೊಡ್ತೀರಾ? ನನ್ನ ಅಳತೆ ನಿಮಗೆ ಗೊತ್ತಲ್ಲ."

"ಅದು ಹಳೇದು. ಈಗಿಂದು ಗೊತ್ತಿಲ್ಲ. ನೀವೇ ಬರ್ಬೇಕು."

ಈ ಸಲ ಹೂಂ ಅಂದವಳು ನಾನು.